ಡಿಸ್ಟ್ರಿಕ್ಟ್ ಕೌನ್ಸಿಲ್ ಫಲಿತಾಂಶ: ಮೊದಲು ನಿಮ್ಮ ವಾರ್ಡ್ ನೋಡಿ

ಇಂಗ್ಲೆಂಡಿನ ಕೇಂಬ್ರಿಡ್ಜ್ ಪಕ್ಕದ ಹಳ್ಳಿಗೆ ಈಗಷ್ಟೇ ಬಂದಿದ್ದೀರಿ. ಕೌನ್ಸಿಲ್ ಫಲಿತಾಂಶದ ಪಟ್ಟಿ ಓದುವುದು ಹೇಗೆ, ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅದರಿಂದ ಏನು ಎಂದು ಕೇಳಿದ್ದೀರಿ.

ನಿಮಗೂ ಮತ ಇದೆ. ಭಾರತದಂಥ ಕಾಮನ್‌ವೆಲ್ತ್ ದೇಶದವರು ವೀಸಾ ಮೇಲಿದ್ದರೂ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಸೇರಿಸಬೇಕು, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೇಳುತ್ತಾರೆ. 2023ರ ಮೇ ತಿಂಗಳಿಂದ ಮತಗಟ್ಟೆಯಲ್ಲಿ ಫೋಟೊ ಗುರುತು ತೋರಿಸಲೇಬೇಕು. ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ, ಫೋನಿನಲ್ಲಿರುವ ಇ-ವೀಸಾ ನಡೆಯುವುದಿಲ್ಲ.

ಇನ್ನು ಫಲಿತಾಂಶದ ಪಟ್ಟಿ. 2022ರಲ್ಲಿ ಕೇಂಬ್ರಿಡ್ಜ್ ಸುತ್ತಲಿನ ಹಳ್ಳಿಗಳ ಡಿಸ್ಟ್ರಿಕ್ಟ್ ಆದ ಸೌತ್ ಕೇಂಬ್ರಿಡ್ಜ್‌ಶೈರ್‌ನ 45 ಸ್ಥಾನಗಳಲ್ಲಿ ಲಿಬರಲ್ ಡೆಮೊಕ್ರಾಟರಿಗೆ 37, ಕನ್ಸರ್ವೇಟಿವರಿಗೆ 8 ಬಂದವು. ಬಹುಮತಕ್ಕೆ 23 ಸಾಕು. ಈ ಒಟ್ಟು ಲೆಕ್ಕಕ್ಕಿಂತ ನಿಮ್ಮ ವಾರ್ಡಿನ ಹಾಳೆ ಮುಖ್ಯ. ಹೊಸಬರು ಎಡವುವುದೂ ಅಲ್ಲೇ, ಏಕೆಂದರೆ ಒಂದು ವಾರ್ಡಿಗೆ ಮೂವರು ಸದಸ್ಯರೂ ಇರಬಹುದು. ಆಗ ಒಬ್ಬ ಮತದಾರ ಮೂರು ಗುರುತು ಹಾಕಬಹುದು. 2,000 ಮತಪತ್ರ ಬಿದ್ದರೆ ಎಣಿಕೆಗೆ 6,000 ಮತಗಳವರೆಗೂ ಸಿಗುತ್ತವೆ. 900 ಮತ ಪಡೆದವರ ಎದುರು ಶೇ. 15 ಎಂದು ಕಂಡರೂ ಅವರನ್ನು ಒಪ್ಪಿದವರು ಶೇ. 45 ಮಂದಿ. ಒಂದೇ ಗುರುತು ಹಾಕಿದರೂ ಮತ ಸಿಂಧು, ನಾಲ್ಕು ಹಾಕಿದರೆ ಇಡೀ ಮತಪತ್ರ ತಿರಸ್ಕೃತ. ಹಾಗೆ ಹೋದವೆಷ್ಟು ಎಂಬುದು ಹಾಳೆಯ ಕೊನೆಯಲ್ಲಿರುತ್ತದೆ.

ಪಕ್ಕದ ಕೇಂಬ್ರಿಡ್ಜ್ ನಗರದ ರೀತಿ ಬೇರೆ. ಅಲ್ಲಿರುವ 42 ಸ್ಥಾನಗಳಲ್ಲಿ ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕೆ ಮಾತ್ರ ಚುನಾವಣೆ. 14ಕ್ಕೆ 14 ಗೆದ್ದರೂ ಹಳೆಯ ಬಲ ಸೇರಿ 22 ಆಗದಿದ್ದರೆ ಆಡಳಿತ ಸಿಗದು. ಯಾರಿಗೂ ಬಹುಮತ ಇಲ್ಲದಿದ್ದರೆ 'ನೋ ಓವರಾಲ್ ಕಂಟ್ರೋಲ್' ಎನ್ನುತ್ತಾರೆ. ಇಲ್ಲಿ ಪಕ್ಷಾಂತರ ನಿಷೇಧ ಕಾಯ್ದೆಯೂ ಇಲ್ಲ, ಹಾಗಾಗಿ ಗೆದ್ದವರು ಪಕ್ಷ ಬಿಟ್ಟರೂ ಸದಸ್ಯರಾಗಿಯೇ ಉಳಿಯುತ್ತಾರೆ.

ಕಸ ಸಂಗ್ರಹ, ಮನೆ ಕಟ್ಟುವ ಅನುಮತಿ, ಕೌನ್ಸಿಲ್ ಟ್ಯಾಕ್ಸ್ ವಸೂಲಿ ಡಿಸ್ಟ್ರಿಕ್ಟ್‌ನ ಕೆಲಸ. ಶಾಲೆ ಸೀಟು, ರಸ್ತೆ ಗುಂಡಿ ಎಲ್ಲ ಅದರ ಮೇಲಿನ ಹಂತದ ಕೌಂಟಿ ಕೌನ್ಸಿಲ್‌ನದು, ಅದರ ಚುನಾವಣೆಯೇ ಬೇರೆ. ಇದಷ್ಟೇನಾ ಎಂದು ಕಡೆಗಣಿಸಬೇಡಿ. 2023ರ ಜನವರಿಯಿಂದ ಸಿಬ್ಬಂದಿಗೆ ಸಂಬಳ ಕಡಿತವಿಲ್ಲದೆ ವಾರಕ್ಕೆ ನಾಲ್ಕೇ ದಿನ ಕೆಲಸ ಕೊಟ್ಟು ನೋಡಿದ್ದು ಸೌತ್ ಕೇಂಬ್ರಿಡ್ಜ್‌ಶೈರ್ ಕೌನ್ಸಿಲ್ಲೇ. ಪಕ್ಕದ ಮನೆಯವರು ಮನೆ ದೊಡ್ಡದು ಮಾಡಲು ಅರ್ಜಿ ಹಾಕಿದರೆ ಆಕ್ಷೇಪಣೆಗೆ ಸಾಮಾನ್ಯವಾಗಿ 21 ದಿನ ಇರುತ್ತದೆ. ಕೌನ್ಸಿಲ್‌ಗೆ ಬರೆಯುವುದರ ಜೊತೆಗೆ ವಾರ್ಡಿನ ಎಲ್ಲ ಸದಸ್ಯರಿಗೂ ಬರೆಯಿರಿ, ಒಬ್ಬರನ್ನೇ ನಂಬಿ ಕೂರಬೇಡಿ.