ತುಂಬಿದ ಮಣ್ಣಿಗೆ ನೀರು ಬಿಟ್ಟರೆ ಸಾಕಾ?

ಪ್ರಶ್ನೆ: ಮನೆ ಕಟ್ಟುವ ಜಾಗ ತಗ್ಗಿನಲ್ಲಿತ್ತು. ಎರಡು ಮೀಟರ್‌ನಷ್ಟು ಮಣ್ಣು ತುಂಬಿಸಿದ್ದೇವೆ. ನೀರು ಬಿಟ್ಟು ಒಂದು ಮಳೆಗಾಲ ಕಳೆದರೆ ತಾನಾಗಿ ಕೂರುತ್ತದೆ ಅಂತಾರೆ ಮೇಸ್ತ್ರಿ. ರೋಲರ್ ಓಡಿಸಲೇಬೇಕು ಅಂತಾರೆ ಇಂಜಿನಿಯರ್. ಯಾರ ಮಾತು ಕೇಳಲಿ?

ಉತ್ತರ: ಅದು ಎಂಥ ಮಣ್ಣು ಅಂತ ನೀವು ಬರೆದೇ ಇಲ್ಲ! ಒಂದು ಹಿಡಿ ತಗೊಂಡು, ಒದ್ದೆ ಮಾಡಿ, ಅಂಗೈಯಲ್ಲಿ ಹೊಸೆಯಿರಿ. ದಾರದ ಹಾಗೆ ಎಳೆ ಬಂದರೆ ಜೇಡಿ. ಪುಡಿಪುಡಿಯಾದರೆ ಮರಳು.

ಮರಳಾಗಿದ್ದರೆ ಮೇಸ್ತ್ರಿ ಹೇಳಿದ್ದು ಅರ್ಧ ಸರಿ. ಸ್ವಲ್ಪ ತೇವವಿರುವ ಮರಳಿನಲ್ಲಿ ನೀರಿನ ತೆಳು ಪೊರೆ ಕಾಳುಗಳನ್ನು ಹಿಡಿದುಕೊಂಡಿರುತ್ತದೆ. ಧಾರಾಳವಾಗಿ ನೀರು ಬಿಟ್ಟರೆ ಆ ಹಿಡಿತ ತಪ್ಪಿ ಒಂದಿಷ್ಟು ಕೂರುತ್ತದೆ. ಪೂರ್ತಿ ಗಟ್ಟಿಯಾಗಲು ಮಾತ್ರ ಅಲುಗಾಟ ಬೇಕು. ಡಬ್ಬಕ್ಕೆ ಮರಳು ತುಂಬಿ ಪಕ್ಕಕ್ಕೆ ನಾಲ್ಕು ಸಲ ತಟ್ಟಿ ನೋಡಿ, ಮಟ್ಟ ಸರ್ರನೆ ಇಳಿಯುತ್ತದೆ. ಕಂಪಿಸುವ ರೋಲರ್ ಮಾಡುವುದೂ ಇದನ್ನೇ.

ಜೇಡಿಯಾದರೆ ನೀರು ನಿಲ್ಲಿಸುವುದು ಬೇಡವೇ ಬೇಡ. ಸಂದಿಗಳಲ್ಲೆಲ್ಲ ನೀರು ತುಂಬಿಕೊಂಡರೆ ಅದು ಬೇಗ ಹೊರಗೆ ಬರುವುದಿಲ್ಲ. ಆಮೇಲೆ ರೋಲರ್ ಓಡಿಸಿದರೆ ನೆಲ ರಬ್ಬರಿನ ಹಾಗೆ ಮುಂದೆ ಉಬ್ಬಿ ಹಿಂದೆ ತಗ್ಗುತ್ತದೆ, ಅಷ್ಟೇ. ಹಾಗಂತ ಒಣ ಹೆಂಟೆಗಳನ್ನು ಬಡಿದರೂ ಪ್ರಯೋಜನವಿಲ್ಲ, ಅವು ಜಗ್ಗುವುದಿಲ್ಲ. ನಡುವೆ ಒಂದು ಹದ ಇದೆ. ಅಮೆರಿಕದ ಇಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲಿ ಈ ಹದವನ್ನು ಲೆಕ್ಕಕ್ಕೆ ತಂದರು. ಲ್ಯಾಬಿನಲ್ಲಿ ಈಗಲೂ ಅದೇ ಪರೀಕ್ಷೆ: ಅಚ್ಚಿಗೆ ಮೂರು ಪದರ ಮಣ್ಣು, ಪದರಕ್ಕೆ 25 ಪೆಟ್ಟು, ಸುಮಾರು 2.5 ಕೆ.ಜಿ. ಸುತ್ತಿಗೆ, 30 ಸೆಂ.ಮೀ. ಎತ್ತರದಿಂದ. ತೇವ ಬದಲಿಸುತ್ತಾ ಹೋದರೆ ಒಂದು ಕಡೆ ಸಾಂದ್ರತೆ ಗರಿಷ್ಠಕ್ಕೆ ಹೋಗಿ ಮತ್ತೆ ಇಳಿಯುತ್ತದೆ. ಕೆಲಸದ ಜಾಗದಲ್ಲಿ ಸಾಮಾನ್ಯವಾಗಿ ಆ ಗರಿಷ್ಠದ 95% ಬರಬೇಕು ಅಂತ ಕೇಳುತ್ತಾರೆ. ಕೈ ಅಂದಾಜೂ ಇದೆ. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು.

ಈಗ ನಿಮಗೆ ರುಚಿಸದ ಮಾತು. ಎರಡು ಮೀಟರ್ ಒಂದೇ ಸಲ ಸುರಿದಿದ್ದರೆ ಮೇಲೆ ರೋಲರ್ ಓಡಿಸಿದರೂ ಸಾಲದು. ಮಾಮೂಲಿ ರೋಲರ್ ಏಟು ಜೇಡಿಯಲ್ಲಿ 20-30 ಸೆಂ.ಮೀ. ದಾಟುವುದು ಕಷ್ಟ. ಮಣ್ಣು ತೆಗೆದು, 20 ಸೆಂ.ಮೀ. ಪದರಗಳಲ್ಲಿ ಹದ ನೋಡಿ ಮತ್ತೆ ತುಂಬಿಸಬೇಕು. ಜೇಡಿಗೆ ಕುರಿಪಾದದ ರೋಲರ್, ಅಂದರೆ ಉರುಳೆಯ ಮೈತುಂಬ ಗೂಟಗಳಿರುವ ರೋಲರ್, ಒಳ್ಳೆಯದು. ಶುರುವಿನಲ್ಲಿ ಅದರ ಗೂಟಗಳು ಪೂರ್ತಿ ಹೂತುಹೋಗುತ್ತವೆ. ಓಡಿಸುತ್ತಾ ಹೋದಂತೆ ಕೆಳಗಿನಿಂದ ಗಟ್ಟಿಯಾಗುತ್ತಾ ಬಂದು, ಕೊನೆಗೆ ಗೂಟಗಳು ಮೇಲೇ ನಡೆಯುತ್ತವೆ. ನೋಡಲು ಚೆಂದ! ಮೂಲೆಗಳಿಗೆ ದಿಮ್ಮಸು ಅಥವಾ ಯಂತ್ರದ ರ‍್ಯಾಮರ್. ಇದೆಲ್ಲ ಜಾಸ್ತಿ ಅನಿಸಿದರೆ ತಳಪಾಯವನ್ನು ತುಂಬಿದ ಮಣ್ಣು ದಾಟಿಸಿ ಹಳೇ ಗಟ್ಟಿ ನೆಲಕ್ಕೇ ಇಳಿಸಿ. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ಆಗಲೂ ಒಳಗಿನ ನೆಲಹಾಸು ಕುಸಿಯುವ ಭಯ ಇದ್ದೇ ಇರುತ್ತದೆ, ಅದರ ಕೆಳಗಾದರೂ ಪದರ ಪದರವಾಗಿ ಬಡಿಸಿ.

ಪ್ರಶ್ನೆ: ನಾನು ಸಿವಿಲ್ ವಿದ್ಯಾರ್ಥಿ. ಸಡಿಲ ಮಣ್ಣು ಹತ್ತು ಮೀಟರ್ ಆಳಕ್ಕಿದ್ದರೆ ಅಗೆದು ತುಂಬುವುದು ಆಗದ ಮಾತಲ್ವಾ?

ಉತ್ತರ: ಹೌದು. ಮರಳಾದರೆ ಕಂಪಿಸುವ ಉದ್ದ ಕೊಳವೆಯನ್ನು ಆಳಕ್ಕಿಳಿಸಿ ಅಲುಗಾಡಿಸುತ್ತಾರೆ. ಜೇಡಿ-ಹೂಳಿನ ಪಾಲು 15% ದಾಟಿದರೆ ಇದು ಸರಿಯಾಗಿ ನಡೆಯುವುದಿಲ್ಲ. ಇಲ್ಲವೇ ಕ್ರೇನಿನಿಂದ ಭಾರ ಬೀಳಿಸುತ್ತಾರೆ. 20 ಟನ್ 20 ಮೀಟರ್ ಎತ್ತರದಿಂದ ಬಿದ್ದರೆ ಸುಮಾರು 10 ಮೀಟರ್ ಆಳದವರೆಗೆ ಪರಿಣಾಮ. ಅಕ್ಕಪಕ್ಕ ಕಟ್ಟಡವಿದ್ದರೆ ಈ ದಾರಿ ಬೇಡ. ನೀರು ತುಂಬಿದ ಸಡಿಲ ಮರಳನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 1964ರ ಜಪಾನಿನ ನೀಗಾಟಾ ಭೂಕಂಪದ ಚಿತ್ರ ನೋಡಿ. ವಸತಿ ಕಟ್ಟಡಗಳು ಒಡೆಯದೆ ಹಾಗೇ ಇಡಿಯಾಗಿ ಪಕ್ಕಕ್ಕೆ ಒರಗಿಕೊಂಡಿವೆ.

ಮೆತ್ತನೆ ಜೇಡಿಗೆ ಅಲುಗಾಟ ನಾಟುವುದಿಲ್ಲ. ಮೇಲೆ ಮಣ್ಣಿನ ಗುಡ್ಡೆ ಹೇರಿ ಒಳಗಿನ ನೀರು ಹಿಂಡಬೇಕು. ಸುಮ್ನೆ ಬಿಟ್ಟರೆ ವರ್ಷಗಟ್ಟಲೆ ಆದೀತು. ಅದಕ್ಕೇ ನಡುನಡುವೆ ನೀರು ಬಸಿಯುವ ಪಟ್ಟಿಗಳನ್ನು ಇಳಿಸುತ್ತಾರೆ. ನೀರು ಸಾಗುವ ದೂರ ಅರ್ಧವಾದರೆ ಸಮಯ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ನೆಲ ಇಳಿಯುವುದನ್ನು ಅಳೆಯುತ್ತಲೇ ಇದ್ದು, ಅದು ಹೆಚ್ಚುಕಡಿಮೆ ನಿಂತ ಮೇಲೆ ಗುಡ್ಡೆ ತೆಗೆಯುತ್ತಾರೆ.