ಅಮ್ಮ ರೀಲ್ಸ್ ನೋಡಿ ನನ್ನ ಹುಡುಗನಿಗೆ ಟೆಸ್ಟ್ ಮಾಡ್ತೀನಿ ಅಂತಿದ್ದಾರೆ, ಒಪ್ಪಲಾ?

ಒಪ್ಪಬೇಡಿ. "ಒಳ್ಳೆಯವನಾದರೆ ಪಾಸಾಗ್ತಾನೆ, ಭಯ ಯಾಕೆ" ಅಂತ ನಿಮ್ಮಮ್ಮ ಹೇಳಿದ್ದನ್ನ ಬರೆದಿದ್ದೀರಲ್ಲ, ನಮ್ಮಪ್ಪನೂ ಇದೇ ಮಾತು ಹೇಳಿದ್ದರು.

2020ರಲ್ಲಿ ಟಿಕ್‌ಟಾಕ್ ಬ್ಯಾನ್ ಆಗಿ ಇನ್‌ಸ್ಟಾಗ್ರಾಂ ರೀಲ್ಸ್ ಬಂದಮೇಲೆ ಅಪ್ಪನಿಗೆ ಊಟ ಆದಮೇಲೆ ಅದೇ ಕೆಲಸ. ಬೇರೆ ಹುಡುಗಿ ಹೆಸರಲ್ಲಿ ಅಕೌಂಟ್ ಮಾಡಿ ಮಗಳ ಹುಡುಗನಿಗೆ ಮೆಸೇಜ್ ಹಾಕುವ ತಾಯಿ, ಹೋಟೆಲ್‌ನಲ್ಲಿ ಪರ್ಸ್ ಮರೆತೆ ಅಂತ ಹೇಳಿ ಬಿಲ್ ಯಾರು ಕೊಡ್ತಾರೆ ನೋಡುವ ತಂದೆ, ಇಂಥವೇ. ನನ್ನ ಹುಡುಗ ಮೊದಲ ಸಲ ಮನೆಗೆ ಬಂದಾಗ ಅಪ್ಪ ಒಂದು ಕಥೆ ಹೇಳಿದರು. ವ್ಯಾಪಾರದಲ್ಲಿ ಲಾಸ್ ಆಗಿದೆ, 10 ಲಕ್ಷ ಸಾಲ ತೆಗೀತಿದ್ದೀನಿ, ನೀನು ಜಾಮೀನು ಹಾಕ್ತೀಯಾ? ತಮ್ಮನ ಮೊಬೈಲ್ ಶೋಕೇಸ್‌ನಲ್ಲಿ ಗಣೇಶನ ಪಕ್ಕ ರೆಕಾರ್ಡ್ ಮಾಡ್ತಿತ್ತು. ಅವನು ಕೈಲಿದ್ದ ಚಕ್ಕುಲಿ ತಟ್ಟೆಗೆ ವಾಪಸ್ ಇಟ್ಟ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯೋಚನೆ ಮಾಡಿ ಹೇಳ್ತೀನಿ ಅಂಕಲ್" ಅಂದ. ಅಪ್ಪನ ಲೆಕ್ಕದಲ್ಲಿ ಅಲ್ಲಿಗೆ ಫೇಲ್.

ಅವನ ತಂದೆ ಹಿಂದೆ ನೆಂಟರೊಬ್ಬರ ಸೊಸೈಟಿ ಸಾಲಕ್ಕೆ ಸಹಿ ಹಾಕಿದ್ದರು. ನೆಂಟರು ಕಟ್ಟಲಿಲ್ಲ, ಕಂತು ಇವರ ಸಂಬಳದಲ್ಲಿ ಕಟ್ ಆಗುತ್ತಿತ್ತು. ಜಾಮೀನು ಅಂದರೆ ಸುಮ್ನೆ ಒಂದು ಸಹಿ ಅಲ್ಲ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಯೋಚಿಸಿ ಹೇಳ್ತೀನಿ ಅಂದವನಿಗೇ ಜವಾಬ್ದಾರಿ ಇರೋದು, ಅಲ್ವಾ? ಕೇಳಿದ ತಕ್ಷಣ "ಆಯ್ತು ಅಂಕಲ್" ಅಂದಿದ್ದರೆ ನಾನೇ ಹೆದರಬೇಕಿತ್ತು.

ಆದರೆ ನಮ್ಮ ಸಂಬಂಧ ಮುರಿದದ್ದು ಆ ಪ್ರಶ್ನೆಯಿಂದಲ್ಲ. ಮೊಬೈಲ್ ಎಲ್ಲಿಟ್ಟಿದ್ದಾರೆ ಅಂತ ನನಗೆ ಗೊತ್ತಿತ್ತು. ಅವನು ಬರೋ ಮೊದಲು ಒಂದು ಮೆಸೇಜ್ ಹಾಕಬಹುದಿತ್ತು. ಕೈ ತೊಳೆಯೋಕೆ ಹಿತ್ತಲಿಗೆ ಬಂದಾಗ ಹೇಳಬಹುದಿತ್ತು. ಎಲ್ಲ ಮುಗಿದಮೇಲೆ ಗೇಟಿನ ತನಕ ಜೊತೆಗೆ ಹೋದೆ, ಅಲ್ಲಾದರೂ "ಅದು ಸುಳ್ಳು ಕಣೋ, ಅಪ್ಪ ಸುಮ್ನೆ ಟೆಸ್ಟ್ ಮಾಡಿದ್ದು" ಅಂದಿದ್ದರೆ ಬೈದು ಸುಮ್ಮನಾಗುತ್ತಿದ್ದ. ಹೇಳಲಿಲ್ಲ. ಅಪ್ಪನಿಗೆ ಬೇಜಾರಾಗುತ್ತೆ ಅಂದುಕೊಂಡೆ. ಆ ರಾತ್ರಿ ಅವನು ನಿಜವಾಗಲೂ ನಮ್ಮ ಸಾಲದ ಚಿಂತೆಯಲ್ಲಿ ಫೋನ್ ಮಾಡಿದ, ಆಗಲೂ ಹೇಳಲಿಲ್ಲ. ತಮ್ಮ ಅವನು ಸುಮ್ಮನೆ ಕೂತಿದ್ದ ತುಣುಕನ್ನಷ್ಟೇ ಕತ್ತರಿಸಿ ಫ್ಯಾಮಿಲಿ ಗ್ರೂಪಿಗೆ ಹಾಕಿದ, ಅಲ್ಲಿಂದ ಯಾರೋ ಅದನ್ನ ರೀಲ್ಸ್ ಮಾಡಿದರು, ಕೊನೆಗೆ ಅವನ ಆಫೀಸಿನವರೇ ಅವನಿಗೆ ತೋರಿಸಿದರು. ಅಪ್ಪನ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. "ನಿಂಗೆ ಮೊದಲೇ ಗೊತ್ತಿತ್ತಾ?" ಅಂತ ಕೇಳಿದ. ಹೂಂ ಅಂದೆ. ಆಮೇಲೆ ಮದುವೆ ಮಾತೇ ಎತ್ತಲಿಲ್ಲ.

ಫೇಕ್ ಅಕೌಂಟ್ ಟೆಸ್ಟಾ, ಹೋಟೆಲ್ ಬಿಲ್ ಟೆಸ್ಟಾ, ಯಾವುದು ವಾಸಿ ಅಂತ ಕೇಳಿದ್ದೀರಿ. ಎರಡೂ ಬೇಡ. ಅಮ್ಮನ ಆತಂಕ ನಿಜ, ವಿಚಾರಿಸಲಿ, ಯಾರು ಬೇಡ ಅಂದರು? ನಮ್ಮಲ್ಲಿ ಹುಡುಗನ ಮನೆ ನೋಡೋಕೆ ಹೋಗ್ತಾರೆ, ಅದು ಎರಡೂ ಕಡೆಯವರಿಗೆ ಗೊತ್ತಿದ್ದೇ ನಡೆಯುತ್ತೆ. ಹಾಗೇ ಹೋಗಿ. ಸಂಬಳ ಎಷ್ಟು, ಸಾಲ ಎಷ್ಟಿದೆ, ಯಾರಿಗಾದರೂ ಜಾಮೀನು ಹಾಕಿದ್ದೀಯಾ, ಮದುವೆ ಆದಮೇಲೆ ಎಲ್ಲಿರ್ತೀರಿ, ಎಲ್ಲ ಮುಖ ನೋಡಿ ಕೇಳಿ. ಅವನೂ ನಿಮ್ಮನ್ನ ಅಷ್ಟೇ ಕೇಳಲಿ.

ಅಮ್ಮ ಆಗಲೇ ಫೇಕ್ ಅಕೌಂಟ್ ಮಾಡಿ ಮೆಸೇಜ್ ಹಾಕಿಬಿಟ್ಟಿದ್ದರೆ ಇವತ್ತೇ ಅವನಿಗೆ ಫೋನ್ ಮಾಡಿ ನೀವೇ ಹೇಳಿ. ಅಮ್ಮ ಬೈದರೆ ಬೈಸಿಕೊಳ್ಳಿ.