ಅಂಗಿ ಕಿಸೆಯ ಮಾತ್ರೆ, ನಾಲಗೆ ಅಡಿಯ ಮಾತ್ರೆ

ಸಂಪಾದಕರಿಗೆ ನಮಸ್ಕಾರ. ದಯವಿಟ್ಟು ಹೆಸರು ಹಾಕ್ಬೇಡಿ. ನನಗೆ 47, ನನ್ನ ಗಂಡನಿಗೆ 54. ಒಂದೂವರೆ ವರ್ಷದಿಂದ ಅವರು ನನ್ನ ಹತ್ತಿರ ಬರುವುದಿಲ್ಲ, ಬಂದರೂ ಆಗುವುದಿಲ್ಲ, ಆಮೇಲೆ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಬೇರೆ ಯಾರೋ ಇದ್ದಾರೆ ಅಂತ ನನಗೆ ಸಂಶಯ. ಮೊನ್ನೆ ಒಗೆಯಲಿಕ್ಕೆ ಹಾಕುವಾಗ ಅಂಗಿ ಕಿಸೆಯಲ್ಲಿ ಆ ನೀಲಿ ಮಾತ್ರೆಯ ಸ್ಟ್ರಿಪ್ ಸಿಕ್ಕಿತು, ಎರಡು ಖಾಲಿ. ಕೇಳಿದ್ದಕ್ಕೆ ದೊಡ್ಡ ಜಗಳ. ನಾದಿನಿ ಒಂದು ಲೇಹ್ಯ ಹೇಳಿದ್ದಾಳೆ, ಕೊಡಬಹುದಾ? ಅವರಿಗೆ 8 ವರ್ಷದಿಂದ ಶುಗರ್ ಉಂಟು, ಬೀಡಿ ಬಿಟ್ಟಿಲ್ಲ. ಎದೆ ಹಿಡಿದ ಹಾಗೆ ಆದರೆ ನಾಲಗೆ ಅಡಿ ಇಡಲಿಕ್ಕೆ ಡಾಕ್ಟರು ಒಂದು ಮಾತ್ರೆ ಕೊಟ್ಟಿದ್ದಾರೆ, ಅದು ಪರ್ಸಿನಲ್ಲೇ ಇರುತ್ತದೆ. ಅಥವಾ ವಯಸ್ಸಾಯಿತು, ಇನ್ನು ಸಾಕು ಅಂತ ಬಿಟ್ಟುಬಿಡುವುದಾ?
— ಓದುಗರೊಬ್ಬರು, ಕಾಪು ಹತ್ತಿರ

ಅಕ್ಕಾ, ವಯಸ್ಸಲ್ಲಿ ನಾನೇ ದೊಡ್ಡವ, ಆದ್ರೂ ನಮ್ಮಲ್ಲಿ ಹಾಗೆ ಕರೆದೇ ಅಭ್ಯಾಸ. ಲೇಹ್ಯ, ನಾದಿನಿ, ಬೇರೆ ಯಾರೋ, ಅದೆಲ್ಲ ಆಮೇಲೆ. ಪತ್ರದ ಕೊನೆಗೆ ಸುಮ್ಮನೆ ಹೇಳಿ ಹೋದ ಹಾಗೆ ಒಂದು ಮಾತು ಬರ್ದಿದ್ದೀರಲ್ಲ, ನಾಲಗೆ ಅಡಿ ಇಡುವ ಮಾತ್ರೆ, ಮೊದ್ಲು ಅದು. ಅದು ಹೆಚ್ಚಾಗಿ ನಾವೆಲ್ಲ ಸಾರ್ಬಿಟ್ರೇಟ್ ಅಂತ ಹೇಳುವ ನೈಟ್ರೇಟ್ ಜಾತಿಯ ಮಾತ್ರೆ. ನಿಮಗೆ ಕಿಸೆಯಲ್ಲಿ ಸಿಕ್ಕಿದ್ದು ಸಿಲ್ಡೆನಾಫಿಲ್, ಅಂದ್ರೆ ನಿಮಿರುವಿಕೆಗೆ ತಗೊಳ್ಳುವ ವಯಾಗ್ರಾ ಜಾತಿಯ ಮಾತ್ರೆ ಇರ್ಬೇಕು. ಇವೆರಡು ಒಂದೇ ಹೊಟ್ಟೆಯಲ್ಲಿ ಸೇರ್ಲೇಬಾರ್ದು. ಸೇರಿದ್ರೆ ಬಿಪಿ ಒಮ್ಮೆಲೇ ಕುಸೀತದೆ, ತಲೆ ತಿರುಗಿ ಬೀಳುದು ಮಾತ್ರ ಅಲ್ಲ, ಜೀವ ಹೋಗ್ಲಿಕ್ಕೂ ಉಂಟು. ಸಿಲ್ಡೆನಾಫಿಲ್ ತಗೊಂಡ್ರೆ 24 ಗಂಟೆ, ಅದ್ರ ತಮ್ಮ ಟಡಾಲಾಫಿಲ್ ತಗೊಂಡ್ರೆ 48 ಗಂಟೆ, ಅಷ್ಟು ಹೊತ್ತು ನೈಟ್ರೇಟ್ ಮುಟ್ಟುವ ಹಾಗಿಲ್ಲ. ಆ ಮಧ್ಯೆ ಎದೆನೋವು ಬಂದ್ರೆ ಮನೆಯಲ್ಲಿ ಮಾತ್ರೆ ಇಟ್ಟು ಕೂರುದಲ್ಲ, 108ಕ್ಕೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ 'ಇಂಥ ಮಾತ್ರೆ ಇಷ್ಟು ಗಂಟೆಗೆ ತಗೊಂಡಿದ್ದಾರೆ' ಅಂತ ಎಲ್ಲರ ಎದುರೇ ಆದ್ರೂ ಹೇಳ್ಬೇಕು. ಇವತ್ತು ರಾತ್ರಿಯೇ ಅವರಿಗೆ ಇದನ್ನು ಓದಿಸಿ. ಜಗಳ ಆದ್ರೆ ಆಗ್ಲಿ.

ಇನ್ನು ಬೇರೆ ಯಾರೋ ವಿಷಯ. ನೋಡಿ, ನಾನು ಜೋಯಿಸ ಅಲ್ಲ, ಆದ್ರೆ ಮನೆಯಲ್ಲಿ ಆಗ್ತಾ ಇಲ್ಲ ಅಂತ ಗೋಡೆ ಕಡೆ ತಿರುಗಿ ಮಲಗುವವ, ಎದೆನೋವಿನ ಮಾತ್ರೆ ಪರ್ಸಲ್ಲಿಟ್ಟುಕೊಂಡೂ ಈ ಮಾತ್ರೆಯನ್ನು ಕದ್ದುಮುಚ್ಚಿ ತರುವವ, ನಿಮಗೋಸ್ಕರವೇ ತಂದದ್ದು ಅಂತ ನನ್ನ ಲೆಕ್ಕ. ನಾಚಿಕೆಗೆ ಬೈತಾನೆ ಅಷ್ಟೆ. ಇಂಥ ಪತ್ರ ಬರೀಲಿಕ್ಕೆ ನಿಮಗಿದ್ದ ಧೈರ್ಯದ ಅರ್ಧ ಆ ಮಹಾಶಯನಿಗೆ ಇದ್ದಿದ್ರೆ ಒಂದೂವರೆ ವರ್ಷ ಹೀಗೆ ಹಾಳಾಗ್ತಿರ್ಲಿಲ್ಲ.

ಈಗ ನನ್ನ ಹಳೇ ರಾಗ. ಈ ಪತ್ರಿಕೆ ಓದುವವರಿಗೆ ಗೊತ್ತುಂಟು, ಸಂದು ಸಿಕ್ಕಿದಲ್ಲೆಲ್ಲ ನಾನು ಇದನ್ನೇ ಹಾಡುದು: ನಲವತ್ತು ದಾಟಿದ ಗಂಡಸಿಗೆ ನಿಮಿರುವಿಕೆ ಕಡಿಮೆಯಾಯ್ತು ಅಂದ್ರೆ ಅವ ಮೊದ್ಲು ನೋಡ್ಬೇಕಾದ್ದು ಶುಗರ್, ಬಿಪಿ, ಹೃದಯ. ಯಾಕೆ ಅಂತ ಕೇಳಿ. ಆಸೆ ಬಂದಾಗ ನರದ ತುದಿಯಿಂದಲೂ ರಕ್ತನಾಳದ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಹೊರಡ್ತದೆ, ಅದ್ರಿಂದ ಸಿಜಿಎಂಪಿ ಅಂತ ಒಂದು ವಸ್ತು ಹುಟ್ಟಿ ಶಿಶ್ನದ ಒಳಗಿನ ಸ್ನಾಯು ಸಡಿಲ ಆಗ್ತದೆ, ರಕ್ತ ನುಗ್ಗಿ ತುಂಬ್ತದೆ, ತುಂಬಿದ ಒತ್ತಡಕ್ಕೆ ಹೊರಗೆ ಹೋಗುವ ನಾಳ ಅಮುಕಿ ರಕ್ತ ಅಲ್ಲೇ ನಿಲ್ತದೆ. ಶುಗರ್, ಬಿಪಿ, ಕೊಲೆಸ್ಟ್ರಾಲ್, ಬೀಡಿ, ಈ ನಾಲ್ಕೂ ಹಾಳು ಮಾಡುದು ಆ ಒಳಪದರವನ್ನೇ, ಶುಗರ್ ಅಂತೂ ನರವನ್ನೂ ಬಿಡುದಿಲ್ಲ. ಮತ್ತೆ ಅಲ್ಲಿಯ ರಕ್ತನಾಳದ ಅಗಲ 1–2 ಮಿಲಿಮೀಟರ್, ಹೃದಯದ್ದು 3–4. ಅಡಿಕೆ ತೋಟ ಇದ್ದವರಿಗೆ ಬೇರೆ ಹೇಳ್ಬೇಕಾ, ನೀರಲ್ಲಿ ಕೆಸರು ಬಂದ್ರೆ ಮೊದ್ಲು ಕಟ್ಟುದು ಸ್ಪ್ರಿಂಕ್ಲರಿನ ಸಣ್ಣ ಜೆಟ್ಟು, ದೊಡ್ಡ ಪೈಪು ಆಮೇಲೆ. ಎಷ್ಟೋ ಜನರಿಗೆ ಎದೆನೋವು ಬರುವ ಎರಡರಿಂದ ಐದು ವರ್ಷ ಮೊದಲೇ ಹಾಸಿಗೆಯಲ್ಲಿ ಗೊತ್ತಾಗಿರ್ತದೆ. ಹೇಳುದಿಲ್ಲ ಅಷ್ಟೆ.

ಮನಸ್ಸಿನ ಕಾರಣ ಇಲ್ಲವಾ ಅಂತ ಕೆಲವರು ಕೇಳ್ತಾರೆ. ಉಂಟು, ಇಲ್ಲ ಅನ್ನುದಿಲ್ಲ. ಹೊಸದಾಗಿ ಮದುವೆಯಾದ ಹುಡುಗರಲ್ಲಿ ಹೆಚ್ಚಾಗಿ ಹೆದರಿಕೆಯೇ, ಬೆಳಿಗ್ಗೆ ಏಳುವಾಗ ಸರಿ ಇದ್ದು ರಾತ್ರಿ ಮಾತ್ರ ಕೈಕೊಟ್ರೆ ಯಂತ್ರ ಸರಿ ಉಂಟು ಅಂತ ಅರ್ಥ, ಅಂಥವರಿಗೆ ಕೌನ್ಸೆಲಿಂಗ್ ಒಳ್ಳೇದು. ಆದ್ರೆ 54 ವರ್ಷದ, ಶುಗರ್ ಇರುವ, ಬೀಡಿ ಎಳೆಯುವ ಮನುಷ್ಯನಿಗೆ 'ಟೆನ್ಷನ್ ಮಾಡ್ಬೇಡಿ, ಎಲ್ಲ ಸರಿ ಆಗ್ತದೆ' ಅಂತ ಹೇಳಿ ಕಳಿಸುದುಂಟಲ್ಲ, ಅದಕ್ಕೆ ನನಗೆ ಸಿಟ್ಟು ಬರುದು.

ನನ್ನ ಸ್ನೇಹಿತನೊಬ್ಬ ಸುರತ್ಕಲ್ ಕಡೆಯವ, ಮಾತಿಗೆ ಕೂತ್ರೆ ಮೇಳದ ಭಾಗವತರಿಂದ ಹಿಡಿದು ಮುನ್ಸಿಪಾಲಿಟಿ ತನಕ ಯಾವುದನ್ನೂ ಬಿಡುವವ ಅಲ್ಲ. ಬೈಪಾಸ್ ಆಗಿ ವಾರ್ಡಿನಲ್ಲಿ ಮಲಗಿದ್ದಾಗ, ಹೆಂಡತಿ ಕ್ಯಾಂಟೀನಿಗೆ ಹೋದದ್ದು ನೋಡಿ, ಸಣ್ಣ ಸ್ವರದಲ್ಲಿ ನನ್ನ ಹತ್ರ ಹೇಳಿದ, ಮೂರು ವರ್ಷದಿಂದ ಇದು ಇತ್ತು ಮಾರಾಯ ಅಂತ. ಅಷ್ಟು ವರ್ಷ ಪ್ರತಿ ತಿಂಗಳು ಶುಗರ್ ತೋರಿಸ್ಲಿಕ್ಕೆ ಒಂದು ಕ್ಲಿನಿಕ್ಕಿಗೆ ಹೋಗ್ತಿದ್ದ, ಅವರೂ ಕೇಳಿಲ್ಲ, ಇವನೂ ಹೇಳಿಲ್ಲ. ಶುಗರ್ ಇರುವ ಗಂಡಸರಲ್ಲಿ ಹತ್ತಿರ ಹತ್ತಿರ ಅರ್ಧ ಜನರಿಗೆ ಇದು ಇರ್ತದೆ, ಅಂದ್ರೆ ಆ ಕ್ಲಿನಿಕ್ಕಿನ ಬೆಂಚಲ್ಲಿ ಕೂತ ಗಂಡಸರಲ್ಲಿ ಒಬ್ಬ ಬಿಟ್ಟು ಒಬ್ಬ ಬಾಯಿ ಮುಚ್ಚಿ ಕೂತಿದ್ದ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವರ್ಷದವರನ್ನು ಕೇಳಿ 1994ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಶೇಕಡಾ 52 ಜನರಿಗೆ ಹೆಚ್ಚೋ ಕಡಿಮೆಯೋ ಈ ತೊಂದರೆ ಇತ್ತು. ನಿಮ್ಮ ಗಂಡ ಏನೋ ತಾನೊಬ್ಬನೇ ಅಂತ ತಿಳ್ಕೊಂಡಿರ್ಬೇಕು ಪಾಪ.

ಇದು ತಲೆಯೊಳಗಿನದ್ದೇ ಕಾಯಿಲೆ ಅಂತ ಡಾಕ್ಟರುಗಳೇ ಬಹಳ ಕಾಲ ನಂಬಿದ್ರು. 1983ರಲ್ಲಿ ಲಾಸ್ ವೇಗಸ್‌ನಲ್ಲಿ ಅಮೆರಿಕದ ಯುರಾಲಜಿಸ್ಟ್‌ಗಳ, ಅಂದ್ರೆ ಮೂತ್ರಾಂಗದ ಡಾಕ್ಟರುಗಳ ಸಮ್ಮೇಳನ, ಬ್ರಿಟನ್ನಿನ ಜೈಲ್ಸ್ ಬ್ರಿಂಡ್ಲಿ ಅಂತ ವಿಜ್ಞಾನಿ ಭಾಷಣಕ್ಕೆ ಬಂದದ್ದು ಟ್ರ್ಯಾಕ್ ಸೂಟ್ ಹಾಕ್ಕೊಂಡು. ಹೋಟೆಲ್ ರೂಮಲ್ಲೇ ತನಗೆ ತಾನೇ ಇಂಜೆಕ್ಷನ್ ಚುಚ್ಚಿಕೊಂಡು ಬಂದಿದ್ದ. ಸ್ಲೈಡ್ ತೋರಿಸಿ ತೋರಿಸಿ ಕೊನೆಗೆ ಭಾಷಣ ಮಾಡುವುದರಿಂದ ಯಾರಿಗೂ ಆಸೆ ಕೆರಳುದಿಲ್ಲವಲ್ಲ ಅಂತ ಹೇಳಿ ಚಡ್ಡಿ ಕೆಳಗಿಳಿಸಿ ಫಲಿತಾಂಶವನ್ನು ಎಲ್ಲರಿಗೂ ತೋರಿಸಿ, ಸಾಲದ್ದಕ್ಕೆ ಸಭೆಯ ಮಧ್ಯಕ್ಕೇ ನಡೆದುಕೊಂಡು ಹೋದ. ಮುಂದೆ ಕೂತ ಹೆಂಗಸರು ಕಿರುಚಿದ್ರಂತೆ. ನಮ್ಮ ಯಕ್ಷಗಾನದ ಹಾಸ್ಯಗಾರರೂ ಇಷ್ಟು ಮುಂದೆ ಹೋಗ್ಲಿಕ್ಕಿಲ್ಲ. ಆದ್ರೆ ಒಂದು ಮಾತ್ರ ಆ ದಿನ ಎಲ್ಲರ ಕಣ್ಣೆದುರೇ ಸ್ಪಷ್ಟ ಆಯ್ತು, ಮನಸ್ಸು ಎಲ್ಲೋ ಇದ್ರೂ ಸ್ನಾಯು ಸಡಿಲ ಮಾಡುವ ಮದ್ದು ಹೋದ್ರೆ ಕೆಲಸ ಆಗ್ತದೆ ಅಂತ.

ನೀಲಿ ಮಾತ್ರೆಯ ಕಥೆಯೂ ಹೃದಯದಿಂದಲೇ ಶುರುವಾದದ್ದು. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಅನ್ನುವ ಊರಲ್ಲಿ ಫೈಜರ್ ಕಂಪೆನಿಯವರು ಎದೆನೋವಿಗೆ ಅಂತ ಮಾಡಿದ್ದು, ಎದೆಗೆ ದೊಡ್ಡ ಪ್ರಯೋಜನ ಕಾಣ್ಲಿಲ್ಲ, ಪ್ರಯೋಗಕ್ಕೆ ಬಂದ ಗಂಡಸರು ಬೇರೆಯೇ ಸುದ್ದಿ ಹೇಳಿದ್ರು. 1998ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ವಯಾಗ್ರಾ ಅಂತ ಒಪ್ಪಿಗೆ ಸಿಕ್ತು, ಅದೇ ವರ್ಷ ನೈಟ್ರಿಕ್ ಆಕ್ಸೈಡಿನ ಗುಟ್ಟು ಬಿಡಿಸಿದ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೆ ನೊಬೆಲ್. ಮತ್ತೆ ಆ ಬಹುಮಾನ ಇಟ್ಟ ಆಲ್‌ಫ್ರೆಡ್ ನೊಬೆಲ್ ಮಹಾಶಯನಿಗೇ ಕೊನೆಗಾಲದಲ್ಲಿ ಹೃದಯಕ್ಕೆ ಡಾಕ್ಟರು ಬರ್ದುಕೊಟ್ಟದ್ದು ನೈಟ್ರೋಗ್ಲಿಸರಿನ್, ಅವನ ಡೈನಮೈಟಿನದ್ದೇ ಸರಕು, ನಿಮ್ಮ ಮನೆಯ ನಾಲಗೆ ಅಡಿಯ ಮಾತ್ರೆಯ ಅಜ್ಜ. ಅದು ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಕೊಡ್ತದೆ, ನೀಲಿ ಮಾತ್ರೆ ಆ ಅನಿಲದಿಂದ ಹುಟ್ಟಿದ ಸಿಜಿಎಂಪಿ ಕರಗದ ಹಾಗೆ ತಡೀತದೆ. ಒಂದು ನಲ್ಲಿ ತೆರೀತದೆ, ಇನ್ನೊಂದು ಬಂದ್ ಮಾಡ್ಲಿಕ್ಕೆ ಬಿಡುದಿಲ್ಲ. ಮೊದ್ಲು ನಾನು ಬೊಬ್ಬೆ ಹೊಡೆದದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ನೈಟ್ರೇಟ್ ತಗೊಳ್ಳದವರಿಗೆ, ಹೃದಯ ಗಟ್ಟಿ ಇದ್ದವರಿಗೆ ಮಾತ್ರೆ ಒಳ್ಳೇದೇ, ನಾನು ಅದ್ರ ವಿರೋಧಿ ಅಲ್ಲ. ಆದ್ರೆ ತಗೊಳ್ಳುವ ಕ್ರಮ ಯಾರೂ ಹೇಳಿಕೊಡುದಿಲ್ಲ. ಸಿಲ್ಡೆನಾಫಿಲ್ ಸುಮಾರು ಒಂದು ಗಂಟೆ ಮೊದ್ಲು ತಗೊಳ್ಬೇಕು, ಹೊಟ್ಟೆ ಬಿರಿಯುವಷ್ಟು ಕೋರಿ ರೊಟ್ಟಿ ತಿಂದು ತಗೊಂಡ್ರೆ ಅದು ಹತ್ತುವಾಗ ತಡ ಆಗ್ತದೆ, ಮತ್ತೆ 'ಡೂಪ್ಲಿಕೇಟ್ ಮಾಲು' ಅಂತ ಮೆಡಿಕಲ್ ಶಾಪಿನವನಿಗೆ ಬೈಗುಳ. ಆಸೆ ಹುಟ್ಟಿಸುವ ಮಾತ್ರೆ ಅಲ್ಲ ಅದು, ಆಸೆ ಇದ್ರೆ ಮಾತ್ರ ದಾರಿ ಬಿಡ್ತದೆ. ಟಡಾಲಾಫಿಲ್‌ನ ಬಲ 36 ಗಂಟೆ ತನಕ ಇರ್ತದೆ, ಸಣ್ಣ ಡೋಸಲ್ಲಿ ದಿನಾ ತಗೊಳ್ಳುದೂ ಉಂಟು, ಊಟದ ರಗಳೆ ಇಲ್ಲ. ತಲೆನೋವು, ಮುಖ ಕೆಂಪಾಗುದು, ಮೂಗು ಕಟ್ಟುದು ಕೆಲವರಿಗೆ ಆಗ್ತದೆ. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ತರದ್ದು ತಗೊಳ್ಳುವವರು ಡಾಕ್ಟರಿಗೆ ಹೇಳಿಯೇ ತಗೊಳ್ಬೇಕು, ಬಿಪಿ ಇಳೀತದೆ. ನಾಲ್ಕು ಗಂಟೆ ಆದ್ರೂ ಇಳಿಯದೆ ನಿಂತ್ರೆ ಬಡಾಯಿ ಕೊಚ್ಚುದಲ್ಲ, ಸೀದಾ ಎಮರ್ಜೆನ್ಸಿ.

ನಿಮ್ಮ ಗಂಡನ ವಿಷಯ ಬೇರೆ. ಎದೆ ಹಿಡಿಯುದು ಇದ್ಮೇಲೆ ಮೊದ್ಲು ಕಾರ್ಡಿಯಾಲಜಿಸ್ಟ್, ಅವರು ನೋಡಿ ನೈಟ್ರೇಟ್ ಬೇಕೇ ಬೇಕಾ, ಬದಲಿ ಉಂಟಾ ಅಂತ ಹೇಳ್ಬೇಕು. ಬೇಕೇ ಬೇಕು ಅಂದ್ರೂ ದಾರಿ ಮುಗಿದಿಲ್ಲ. ವ್ಯಾಕ್ಯೂಮ್ ಪಂಪ್ ಅಂತ ಉಂಟು, ಕೊಳವೆ ಹಾಕಿ ಗಾಳಿ ಎಳೆದು ರಕ್ತ ತುಂಬಿಸಿ ಬುಡಕ್ಕೆ ರಿಂಗ್ ಹಾಕುದು, ರಿಂಗ್ ಅರ್ಧ ಗಂಟೆಗಿಂತ ಹೆಚ್ಚು ಇಡ್ಬಾರ್ದು, ರಕ್ತ ತೆಳು ಮಾಡುವ ಮಾತ್ರೆ ಇದ್ರೆ ಮೊದ್ಲು ಕೇಳ್ಬೇಕು. ನಗು ಬರ್ತದೆ ಅಂತ ಕೆಲವರು ಬಿಡ್ತಾರೆ, ಗಂಡಹೆಂಡತಿ ಸೇರಿ ನಕ್ಕರೆ ಎಂತ ನಷ್ಟ? ಯುರಾಲಜಿಸ್ಟ್ ಕಲಿಸಿಕೊಡುವ ಇಂಜೆಕ್ಷನ್ ಉಂಟು, ಯಾವುದೂ ಆಗದವರಿಗೆ ಒಳಗೆ ಇಂಪ್ಲಾಂಟ್ ಇಡುವ ಆಪರೇಷನ್ ಉಂಟು, 1973ರಿಂದ ಗಾಳಿ ತುಂಬುವ ಹಾಗೆ ಉಬ್ಬಿಸುವಂಥದ್ದೂ ಬಂದಿದೆ, ತುಂಬುದು ಗಾಳಿ ಅಲ್ಲ ಸಲೈನ್ ನೀರು. ಟೆಸ್ಟೋಸ್ಟೆರಾನ್ ಮಾತ್ರ ಟೆಸ್ಟಲ್ಲಿ ಕಡಿಮೆ ಬಂದವರಿಗೆ.

ಮತ್ತೆ ನಡಿಗೆ. 2004ರಲ್ಲಿ ಇಟಲಿಯ ಡಾಕ್ಟರುಗಳು ಈ ತೊಂದರೆ ಇದ್ದ 110 ದಪ್ಪ ಗಂಡಸರ ಅಧ್ಯಯನ ಪ್ರಕಟಿಸಿದ್ರು, ಅರ್ಧ ಜನರಿಗೆ ಎರಡು ವರ್ಷ ಸರಿಯಾಗಿ ಊಟ, ವ್ಯಾಯಾಮ ಹೇಳಿಕೊಟ್ಟದ್ದು, ಅವರಲ್ಲಿ ಸುಮಾರು ಮೂರರಲ್ಲಿ ಒಬ್ಬ ಮಾತ್ರೆ ಇಲ್ಲದೆ ಸರಿಯಾದ. ನಮ್ಮಲ್ಲಿ ಮೂರು ಹೊತ್ತು ಕುಚ್ಚಲಕ್ಕಿ ಗಂಜಿಯೂ ಅನ್ನವೂ, ಕಾಪು ಬೀಚಿಗೆ ಹೋಗುದು ನೆಂಟರು ಬಂದ್ರೆ ಮಾತ್ರ. ಬೀಡಿ ಬಿಡಿಸುದು ಕಷ್ಟ ಅಂತ ಗೊತ್ತುಂಟು, ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ಜಿಲ್ಲೆ ಇದು. ಆದ್ರೂ ಬಿಡ್ಲೇಬೇಕು.

ಲೇಹ್ಯ ಕೇಳಿದ್ರಿ. ಅಶ್ವಗಂಧ ತಿಂದವರೆಲ್ಲ ಹಾಳಾದ್ರು ಅಂತ ನಾನು ಹೇಳುದಿಲ್ಲ, ಓದಿದ ಆಯುರ್ವೇದ ವೈದ್ಯರು ಉಡುಪಿಯಲ್ಲಿ ಬೇಕಾದಷ್ಟು ಇದ್ದಾರೆ, ಅವರು ಮೊದ್ಲು ಶುಗರ್ ರಿಪೋರ್ಟೇ ಕೇಳುದು. ನನಗೆ ಹೆದರಿಕೆ ಹೆಸರಿಲ್ಲದ ಡಬ್ಬಿಯದ್ದು. 'ಹರ್ಬಲ್' ಅಂತ ಮಾರಿದ ಎಷ್ಟೋ ಸರಕಿನಲ್ಲಿ ಸಿಲ್ಡೆನಾಫಿಲ್ಲನ್ನೇ ಗುಟ್ಟಾಗಿ ಬೆರೆಸಿದ್ದು ಸಿಕ್ಕಿದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಷ್ಟೋ ಸಲ ಹೇಳಿದೆ. ನಿಮ್ಮ ಗಂಡ ಲೇಹ್ಯ ಅಂತ ಅದನ್ನು ತಿಂದು, ಎದೆ ಹಿಡೀತು ಅಂತ ನಾಲಗೆ ಅಡಿಗೆ ಮಾತ್ರೆ ಇಟ್ರೆ?

ಬಸ್ಸಿನ ಸೀಟಿನ ಹಿಂದೆ, ಮೂತ್ರಾಲಯದ ಗೋಡೆಯಲ್ಲಿ, ತಿಂಗಳಿಗೊಮ್ಮೆ ಲಾಡ್ಜಿನ ರೂಮಿಗೆ ಬಂದು ಕೂರುವ 'ಗುಪ್ತರೋಗ ತಜ್ಞ'ರ ಚೀಟಿ ನೀವೂ ನೋಡಿರ್ತೀರಿ. ಲೈಂಗಿಕ ಶಕ್ತಿ ಹೆಚ್ಚಿಸುವ ಮದ್ದು ಅಂತ ಜಾಹೀರಾತು ಹಾಕುದನ್ನು 1954ರ ಕಾನೂನೇ ನಿಷೇಧಿಸಿದೆ, ಇವತ್ತಿಗೂ ಆ ಕಾನೂನು ಉಂಟು, ಚೀಟಿಯೂ ಉಂಟು. ನಮ್ಮ ಪತ್ರಿಕೆಗೂ ಅಂಥ ಜಾಹೀರಾತು ಬರ್ತದೆ, ಕಾಲು ಪುಟಕ್ಕೆ ಒಳ್ಳೇ ದುಡ್ಡು, ನಾನು ವಾಪಸ್ ಕಳಿಸುವಾಗ ನಮ್ಮ ಜಾಹೀರಾತು ವಿಭಾಗದವರ ಮುಖ ನೋಡ್ಬೇಕು ನೀವು. ಗಂಡಸರು ಲಾಡ್ಜಿಗೆ ಹೋಗುದು ಯಾಕೆ ಅಂದ್ರೆ ಅಲ್ಲಿ ಪರಿಚಯದವರು ಸಿಗುದಿಲ್ಲ ಅಂತ. ಮಂಗಳೂರು ಉಡುಪಿ ಮಧ್ಯೆ ಮೆಡಿಕಲ್ ಕಾಲೇಜಿಗೆ ಬರಗಾಲ ಉಂಟಾ? 1953ರಿಂದ ಮಣಿಪಾಲದಲ್ಲಿ ಕೆಎಂಸಿ ಉಂಟು, ಮಂಗಳೂರಲ್ಲಿ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಉಂಟು, ಹೊರಗಿನ ರಾಜ್ಯದವರು ಇಲ್ಲಿಗೆ ಬಂದು ಚಿಕಿತ್ಸೆ ತಗೊಳ್ತಾರೆ, ನಮ್ಮವ ಮಾತ್ರ ಲಾಡ್ಜಿನ ಮೆಟ್ಟಿಲು ಹತ್ತುದು. ಗಣೇಶೋತ್ಸವಕ್ಕೆ ಕಣ್ಣಿನ ಕ್ಯಾಂಪ್, ರಕ್ತದಾನ ಕ್ಯಾಂಪ್, ಎಲ್ಲ ಮಾಡ್ತೇವೆ, ಒಂದು ಕ್ಯಾಂಪಲ್ಲೂ ಈ ಪ್ರಶ್ನೆ ಕೇಳಿದ್ದು ನಾನು ನೋಡಿಲ್ಲ. ಗಂಡನಿಗೆ ಆಗ್ತಿಲ್ಲ ಅಂದ್ರೆ ಹೆಂಡತಿ ಜಾತಕ ತಗೊಂಡು ಪ್ರಶ್ನೆ ಇಡ್ಲಿಕ್ಕೆ ಓಡುದು, ನಾಗದೋಷ ಅಂತ ಬರುದು. ಆಶ್ಲೇಷಾ ಬಲಿ ಮಾಡ್ಸಿ, ಬೇಡ ಅನ್ನುದಿಲ್ಲ, ಆದ್ರೆ ಆ ಖರ್ಚಿನ ಒಂದು ಮೂಲೆಯಲ್ಲಿ ಇಸಿಜಿಯೂ ಆಗ್ಲಿ.

ವಯಸ್ಸಾಯ್ತು ಬಿಡುದಾ ಅಂತ ಕೇಳಿದ್ದಕ್ಕೆ ನಿಮಗೆ ಸ್ವಲ್ಪ ಬೈಬೇಕು. 47 ಒಂದು ವಯಸ್ಸಾ? ಬೇಡ ಅಂತ ಇಬ್ಬರಿಗೂ ಮನಸ್ಸಿದ್ರೆ ಬಿಡಿ, ಅದು ನಿಮ್ಮ ಇಷ್ಟ. ಹಾಸಿಗೆಯ ವಿಷಯ ಬಿಟ್ರೂ ಹೃದಯದ ಪರೀಕ್ಷೆ ಬಿಡ್ಲಿಕ್ಕೆ ಆಗುದಿಲ್ಲ ಅಲ್ವಾ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರ್ಕೊಂಡು ಹೋಗಿ, ಶುಗರ್, ಎಚ್‌ಬಿಎ1ಸಿ (ಮೂರು ತಿಂಗಳ ಶುಗರಿನ ಸರಾಸರಿ), ಕೊಲೆಸ್ಟ್ರಾಲ್ ಒಟ್ಟಿಗೇ ಆಗ್ತದೆ, ಟೆಸ್ಟೋಸ್ಟೆರಾನ್ ಕೂಡ ಬೆಳಿಗ್ಗೆಯೇ ನೋಡ್ಬೇಕಾದ್ದು. ತಗೊಳ್ಳುವ ಎಲ್ಲ ಮಾತ್ರೆ ಒಂದು ಕವರಲ್ಲಿ ಹಾಕಿ ಹಿಡ್ಕೊಳ್ಳಿ, ಕೆಲವು ಬಿಪಿ ಮಾತ್ರೆ, ಖಿನ್ನತೆಯ ಮಾತ್ರೆಗಳಿಂದಲೂ ಹೀಗಾಗುದುಂಟು, ಆದ್ರೆ ಡಾಕ್ಟರನ್ನು ಕೇಳದೆ ನೀವಾಗಿ ಯಾವುದನ್ನೂ ನಿಲ್ಲಿಸ್ಬೇಡಿ. ಕಿಸೆಯಲ್ಲಿ ಸಿಕ್ಕಿದ ಆ ಸ್ಟ್ರಿಪ್ ಸಹ ಕವರಿಗೆ ಹಾಕಿ. ಡಾಕ್ಟರ ಎದುರು ಅವರ ಬಾಯಿ ಬರದಿದ್ರೆ ನೀವೇ ಹೇಳಿ, ನನಗೆ ಬರೆದ ಹಾಗೆಯೇ.

(ಪತ್ರ ಬರೆದವರ ಕೋರಿಕೆಯಂತೆ ಹೆಸರು ಹಾಕಿಲ್ಲ, ಊರನ್ನೂ ಬದಲಿಸಿದ್ದೇವೆ. — ಸಂ.)